ಮಿದುಳನ್ನು ಮುಟ್ಟದ ದಾರಿ

ಮಿದುಳು ಮತ್ತು ತಲೆಬುರುಡೆಯ ತಳದ ಶಸ್ತ್ರಚಿಕಿತ್ಸೆಯ ಮೇಲೆ ಕಳೆದ ನೂರು ವರ್ಷಗಳಲ್ಲಿ ಅಪಾರವಾದ ಸಂಶೋಧನೆ ನಡೆದಿದ್ದರೂ, ಅದರ ವಿಚಾರ ಕನ್ನಡದಲ್ಲಿ ಚರ್ಚೆಗೆ ಬಂದದ್ದು ಕಡಿಮೆ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಜನಜೀವನವನ್ನು ಹತ್ತಿರದಿಂದ ಬಲ್ಲ ನಿವೃತ್ತ ವಿಜ್ಞಾನ ಅಧ್ಯಾಪಕರೊಬ್ಬರೂ, ಆ ಸೀಮೆಯ ರೋಗಿಗಳಿಗೆ ಚಿಕಿತ್ಸೆ ನೀಡುತ್ತ ಬಂದ ನರಶಸ್ತ್ರವೈದ್ಯರೊಬ್ಬರೂ ಈ ವಿಷಯವನ್ನು ಕುರಿತು ನಡೆಸುವ ಸಂವಾದವಾಗಿ ಈ ಪ್ರಬಂಧವನ್ನು ರೂಪಿಸಲಾಗಿದೆ.

ಅಧ್ಯಾಪಕರು: ಮಿದುಳಿನ ಶಸ್ತ್ರಚಿಕಿತ್ಸೆ ಎಂದರೆ ಸಾಮಾನ್ಯ ಜನರ ಮನಸ್ಸಿನಲ್ಲೂ ಒಂದು ಕಲ್ಪನೆ ಇದೆ, ಡಾಕ್ಟರೇ. ತಲೆಬುರುಡೆಯನ್ನು ಒಂದು ಕಡೆ ತೆರೆದು, ಒಳಗಿರುವ ಗೆಡ್ಡೆಯನ್ನೋ ಹೆಪ್ಪುಗಟ್ಟಿದ ರಕ್ತವನ್ನೋ ತೆಗೆದು, ಮತ್ತೆ ಮುಚ್ಚುವುದು ಎಂಬಷ್ಟನ್ನು ಎಲ್ಲರೂ ಬಲ್ಲರು. ಆದರೆ ತಲೆಬುರುಡೆಯ ತಳವನ್ನೇ ಪ್ರತ್ಯೇಕ ಶಾಖೆಯಾಗಿ ಮಾಡಿಕೊಂಡು ಒಬ್ಬ ವೈದ್ಯ ತನ್ನ ಇಡೀ ವೃತ್ತಿಜೀವನವನ್ನು ಅದರ ಸಂಶೋಧನೆಗೆ ಮೀಸಲಿಡುವಷ್ಟು ಅಲ್ಲಿ ಏನಿದೆ?

ವೈದ್ಯರು: ಮಿದುಳು ಕುಳಿತಿರುವ ನೆಲವೇ ತಲೆಬುರುಡೆಯ ತಳ. ಅದು ಸಮತಟ್ಟಾದ ನೆಲವಲ್ಲ. ಮುಂದಿನಿಂದ ಹಿಂದಕ್ಕೆ ಮೂರು ಹಂತಗಳಾಗಿ ಇಳಿಯುತ್ತ ಹೋಗುತ್ತದೆ. ಮೊದಲ ಹಂತ ಕಣ್ಣುಗುಡ್ಡೆಯ ಗೂಡು ಮತ್ತು ಮೂಗಿನ ಮಾಡಿನ ಮೇಲಿದ್ದರೆ, ನಡುವಿನ ಹಂತ ಕಪೋಲದ ಹಿಂಭಾಗದಲ್ಲೂ, ಕೊನೆಯದು ಕಿವಿಯ ಹಿಂದೆ ಕತ್ತಿನ ಮೇಲ್ಭಾಗದಲ್ಲೂ ಇವೆ. ಮಿದುಳಿನಿಂದ ನೇರವಾಗಿ ಹೊರಡುವ ಹನ್ನೆರಡು ಜೊತೆ ನರಗಳು, ಅಂದರೆ ವಾಸನೆ, ನೋಟ, ಕಣ್ಣಿನ ಚಲನೆ, ಮುಖದ ಸ್ಪರ್ಶ, ಮುಖದ ಸ್ನಾಯುಗಳು, ಶ್ರವಣ, ನುಂಗುವಿಕೆ, ಧ್ವನಿ ಮತ್ತು ನಾಲಿಗೆಯ ಚಲನೆಯನ್ನು ನಡೆಸುವ ನರಗಳೆಲ್ಲ, ಈ ನೆಲದಲ್ಲಿರುವ ರಂಧ್ರಗಳ ಮೂಲಕವೇ ಹೊರಗೆ ಹೋಗುತ್ತವೆ. ಮಿದುಳಿಗೆ ರಕ್ತವನ್ನು ಒಯ್ಯುವ ನಾಲ್ಕು ದೊಡ್ಡ ಅಪಧಮನಿಗಳು ಒಳಗೆ ಬರುವುದೂ, ಮಿದುಳಿನ ರಕ್ತ ಮರಳಿ ಹೊರಗೆ ಹರಿಯುವುದೂ ಇಲ್ಲಿಂದಲೇ. ಇಷ್ಟೆಲ್ಲ ಇಕ್ಕಟ್ಟಾಗಿ ಸೇರಿಕೊಂಡಿರುವ ಜಾಗದಲ್ಲಿ ಒಂದು ಗೆಡ್ಡೆ ಬೆಳೆದರೆ, ಅದು ಕ್ಯಾನ್ಸರ್ ಅಲ್ಲದಿದ್ದರೂ, ವರ್ಷಕ್ಕೆ ಒಂದೆರಡು ಮಿಲಿಮೀಟರ್ ಮಾತ್ರ ಬೆಳೆಯುವ ಸೌಮ್ಯ ಗೆಡ್ಡೆಯೇ ಆಗಿದ್ದರೂ, ಒಂದು ದಿನ ನೋಟವನ್ನೋ ಶ್ರವಣವನ್ನೋ ನುಂಗುವ ಶಕ್ತಿಯನ್ನೋ ಕಸಿದುಕೊಳ್ಳುತ್ತದೆ.

ಅಧ್ಯಾಪಕರು: ಹಾಗಾದರೆ ಅಡಚಣೆ ಇರುವುದು ಗೆಡ್ಡೆಯ ಸ್ವಭಾವದಲ್ಲಿ ಅಲ್ಲ, ಅದರ ಸ್ಥಾನದಲ್ಲಿ.

ವೈದ್ಯರು: ಸ್ಥಾನದಲ್ಲಿ, ಮತ್ತು ಅಲ್ಲಿಗೆ ತಲುಪುವ ದಾರಿಯಲ್ಲಿ. 1884ರ ನವೆಂಬರಿನಲ್ಲಿ ಲಂಡನ್ನಿನ ರಿಕ್‌ಮನ್ ಗಾಡ್ಲಿ ಎಂಬ ಶಸ್ತ್ರವೈದ್ಯ ರೋಗಿಯೊಬ್ಬನ ಮಿದುಳಿನಿಂದ ಗೆಡ್ಡೆಯನ್ನು ತೆಗೆದದ್ದು ಈ ಚರಿತ್ರೆಯ ಒಂದು ಪ್ರಸಿದ್ಧ ಘಟ್ಟ. ಆದರೆ ಆ ಗೆಡ್ಡೆ ಮಿದುಳಿನ ಮೇಲ್ಮೈಯ ಹತ್ತಿರ ಇತ್ತು. ತಳದಲ್ಲಿರುವ ಗೆಡ್ಡೆಗೆ ಮೇಲಿನಿಂದ ಹೋಗಬೇಕಾದರೆ ಇಡೀ ಮಿದುಳನ್ನು ಲೋಹದ ಪಟ್ಟಿಗಳಿಂದ ಎತ್ತಿ ಹಿಡಿಯಬೇಕಾಗುತ್ತಿತ್ತು. ಮಿದುಳು ಹಾಗೆ ಎತ್ತಿ ಹಿಡಿಯಬಹುದಾದ ಅಂಗವಲ್ಲ. ಪಟ್ಟಿಯ ಒತ್ತಡಕ್ಕೆ ಸಿಕ್ಕಿದ ಭಾಗದಲ್ಲಿ ರಕ್ತಸಂಚಾರ ನಿಂತು, ಗೆಡ್ಡೆ ಹೋದರೂ ರೋಗಿ ಎಚ್ಚರಗೊಳ್ಳದೆ ಇರುವುದು, ಎಚ್ಚರಗೊಂಡರೂ ಮಾತು ಬಾರದಿರುವುದು ಸಾಮಾನ್ಯವಾಗಿತ್ತು. ಶ್ರವಣದ ನರದ ಗೆಡ್ಡೆಯ ಕುರಿತು ಅಮೆರಿಕದ ಹಾರ್ವಿ ಕುಶಿಂಗ್ 1917ರಲ್ಲಿ ಒಂದು ಪೂರ್ಣ ಗ್ರಂಥವನ್ನೇ ಬರೆದರು. ಅವರಿಗಿಂತ ಹಿಂದಿನ ಕಾಲದಲ್ಲಿ ಆ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಬಹುಪಾಲು ಜನ ಬದುಕಿ ಉಳಿಯುತ್ತಿರಲಿಲ್ಲ. ಕುಶಿಂಗ್ ಗೆಡ್ಡೆಯ ಹೊರಕವಚವನ್ನು ಅಲ್ಲೇ ಬಿಟ್ಟು ಒಳಭಾಗವನ್ನಷ್ಟೇ ಖಾಲಿ ಮಾಡಿ ಸಾವನ್ನು ಬಹಳಷ್ಟು ತಗ್ಗಿಸಿದರು.

ಅಧ್ಯಾಪಕರು: ಮೇಲಿನ ದಾರಿ ಇಷ್ಟು ಕಷ್ಟವಾಗಿದ್ದರೆ ಕೆಳಗಿನಿಂದ ಹೋಗುವ ಯೋಚನೆ ಯಾರಿಗೂ ಬರಲಿಲ್ಲವೇ?

ವೈದ್ಯರು: ಬಂದಿತ್ತು, ಮತ್ತು ಆ ಚರಿತ್ರೆ ಸಂಶೋಧನೆಯ ಸ್ವಭಾವವನ್ನೇ ತೋರಿಸಿಕೊಡುತ್ತದೆ. ತಲೆಬುರುಡೆಯ ತಳದ ನಟ್ಟನಡುವೆ ಒಂದು ಸಣ್ಣ ಗುಳಿಯಲ್ಲಿ ಬಟಾಣಿ ಕಾಳಿನ ಗಾತ್ರದ ಪಿಟ್ಯುಟರಿ ಗ್ರಂಥಿ ಇದೆ; ದೇಹದ ಬೆಳವಣಿಗೆ, ಋತುಚಕ್ರ, ಎದೆಹಾಲು, ಥೈರಾಯಿಡ್ ಎಲ್ಲವನ್ನೂ ನಿಯಂತ್ರಿಸುವ ಗ್ರಂಥಿ ಅದು. ಆ ಗುಳಿಯ ಕೆಳಗೆ ಇರುವುದು ಗಾಳಿ ತುಂಬಿದ ಒಂದು ಟೊಳ್ಳು ಮೂಳೆ, ಅದರ ಕೆಳಗೆ ಮೂಗು. 1907ರಲ್ಲಿ ಆಸ್ಟ್ರಿಯದ ಇನ್ಸ್‌ಬ್ರುಕ್ ನಗರದಲ್ಲಿ ಹರ್ಮನ್ ಶ್ಲೋಫರ್ ಮೂಗಿನ ಮೂಲಕ ಅಲ್ಲಿಗೆ ತಲುಪಿದರು. ಕುಶಿಂಗ್ ಆ ದಾರಿಯನ್ನು ಉತ್ತಮಪಡಿಸಿ ಇನ್ನೂರಕ್ಕೂ ಹೆಚ್ಚು ರೋಗಿಗಳಿಗೆ ಶಸ್ತ್ರಚಿಕಿತ್ಸೆ ಮಾಡಿದ ಮೇಲೆ, ಬೆಳಕು ಸಾಲದ ಆ ಆಳದಲ್ಲಿ ಎಲ್ಲವೂ ಕಾಣುವುದಿಲ್ಲವೆಂಬ ಕಾರಣಕ್ಕೆ ಅದನ್ನು ಬಿಟ್ಟು ಮೇಲಿನ ದಾರಿಗೆ ಮರಳಿದರು. ಅಷ್ಟು ದೊಡ್ಡ ಗುರು ಬಿಟ್ಟದ್ದನ್ನು ಜಗತ್ತಿನ ಹೆಚ್ಚಿನವರೂ ಬಿಟ್ಟರು. ಅವರ ಬಳಿ ಕಲಿತಿದ್ದ ಎಡಿನ್‌ಬರೊದ ನಾರ್ಮನ್ ಡಾಟ್ ಮಾತ್ರ ಬಿಡಲಿಲ್ಲ. ಡಾಟ್‌ರಿಂದ ಪ್ಯಾರಿಸಿನ ಜೆರಾರ್ ಗಿಯೊ, ಗಿಯೊರಿಂದ ಕೆನಡದ ಜೂಲ್ ಹಾರ್ಡಿ ಅದನ್ನು ಕಲಿತರು. 1960ರ ದಶಕದಲ್ಲಿ ಹಾರ್ಡಿ ಸೂಕ್ಷ್ಮದರ್ಶಕವನ್ನು ತಂದು ನಿಲ್ಲಿಸಿದಾಗ, ಕುಶಿಂಗ್ ಕಂಡ ಕೊರತೆ ನೀಗಿತು. ಇಂದು ಪಿಟ್ಯುಟರಿ ಗೆಡ್ಡೆಗಳಲ್ಲಿ ಹೆಚ್ಚಿನವನ್ನು ತೆಗೆಯುವುದು ಮೂಗಿನ ಮೂಲಕವೇ. ತಲೆಯ ಮೇಲೆ ಗಾಯದ ಗುರುತೂ ಇರುವುದಿಲ್ಲ.

ಅಧ್ಯಾಪಕರು: ಒಬ್ಬನೇ ವ್ಯಕ್ತಿ ಕೈಬಿಡದೆ ಉಳಿಸಿಕೊಂಡದ್ದರಿಂದ ಒಂದು ವಿದ್ಯೆ ಉಳಿಯಿತು ಎನ್ನುವುದು ಗಮನಿಸಬೇಕಾದ ಸಂಗತಿ. ಪಕ್ಕಕ್ಕಿರುವ ಗೆಡ್ಡೆಗಳಿಗೆ, ಕಿವಿಯ ಒಳಗಿನ ಮೂಳೆಯ ಹಿಂದೆ ಇರುವವುಗಳಿಗೆ, ಮೂಗಿನ ದಾರಿ ಸಾಲದಲ್ಲವೇ?

ವೈದ್ಯರು: ಸಾಲದು. ಕಿವಿಯ ಒಳಭಾಗವನ್ನು ಹೊತ್ತ ಮೂಳೆ ದೇಹದಲ್ಲೇ ಅತ್ಯಂತ ಗಟ್ಟಿಯಾದದ್ದು. ಅದರೊಳಗೆ ಮುಖದ ಸ್ನಾಯುಗಳ ನರ ಅಂಕುಡೊಂಕಾಗಿ ಹಾದುಹೋಗುತ್ತದೆ, ಶ್ರವಣದ ಶಂಖ ಇದೆ, ಮಿದುಳಿಗೆ ಹೋಗುವ ಮುಖ್ಯ ಅಪಧಮನಿ ಇದೆ. 1960ರ ದಶಕದಲ್ಲಿ ಲಾಸ್ ಏಂಜಲೀಸಿನ ವಿಲಿಯಂ ಹೌಸ್ ಎಂಬ ಕಿವಿಯ ವೈದ್ಯ ದಂತವೈದ್ಯರು ಬಳಸುವಂಥ ಕೊರೆಯುವ ಯಂತ್ರ ಮತ್ತು ಸೂಕ್ಷ್ಮದರ್ಶಕ ಹಿಡಿದು ಈ ಮೂಳೆಯನ್ನೇ ಕೊರೆದು ಗೆಡ್ಡೆಗೆ ದಾರಿ ಮಾಡಿದರು. 1980ರ ದಶಕದಲ್ಲಿ ಸ್ಲೊವೇನಿಯದ ವಿಂಕೊ ಡೊಲೆಂಕ್, ಜಪಾನಿನ ತಾಕೆಶಿ ಕವಾಸೆ ಮೊದಲಾದವರು ಅದೇ ತತ್ತ್ವವನ್ನು ಇಡೀ ತಳಕ್ಕೆ ವಿಸ್ತರಿಸಿದರು. ಮಿದುಳನ್ನು ಎತ್ತುವ ಬದಲು ಮೂಳೆಯನ್ನು ಸವೆಸಬೇಕು ಎನ್ನುವುದೇ ಆ ತತ್ತ್ವ. ಮೂಳೆ ಹೋದರೆ ಬೇರೆಯದನ್ನು ಜೋಡಿಸಬಹುದು, ಮಿದುಳಿನ ಒಂದು ಭಾಗ ಸತ್ತರೆ ಅದಕ್ಕೆ ಪರ್ಯಾಯವಿಲ್ಲ. ತಲೆಬುರುಡೆಯ ತಳದ ಮೇಲೆ ಇಂದು ನಡೆಯುವ ಸಂಶೋಧನೆಯ ಬಹುಭಾಗ ಈ ಒಂದು ವಿವೇಕದ ಲೆಕ್ಕಾಚಾರವೇ ಆಗಿದೆ. ಯಾವ ಮೂಳೆಯನ್ನು ಎಷ್ಟು ಮಿಲಿಮೀಟರ್ ಸವೆಸಿದರೆ ಎಷ್ಟು ಅಗಲದ ನೋಟ ಸಿಗುತ್ತದೆ, ಎಲ್ಲಿ ನಿಲ್ಲಿಸದಿದ್ದರೆ ನರ ಅಥವಾ ಅಪಧಮನಿ ಹರಿಯುತ್ತದೆ ಎಂಬುದನ್ನು ಮೃತದೇಹಗಳ ಮೇಲೆ ಅಳೆದು ತಿಳಿಯುವುದು ಅದರ ಕ್ರಮ. ಅಮೆರಿಕದ ಫ್ಲಾರಿಡದಲ್ಲಿ ಆಲ್ಬರ್ಟ್ ರೋಟನ್ ದಾನವಾಗಿ ಬಂದ ತಲೆಗಳ ಅಪಧಮನಿಗಳಿಗೆ ಕೆಂಪು, ಅಭಿಧಮನಿಗಳಿಗೆ ನೀಲಿ ಬಣ್ಣದ ಸಿಲಿಕೋನ್ ತುಂಬಿಸಿ, ಪದರಪದರವಾಗಿ ಬಿಡಿಸಿ ದಶಕಗಳ ಕಾಲ ಚಿತ್ರಿಸಿದರು. ಆ ಚಿತ್ರಗಳನ್ನು ನೋಡದೆ ತಳದ ಶಸ್ತ್ರಚಿಕಿತ್ಸೆಗೆ ಕೈಹಾಕುವ ವೈದ್ಯ ಇಂದು ಇಲ್ಲವೆಂದೇ ಹೇಳಬೇಕು.

ಅಧ್ಯಾಪಕರು: ಇವೆಲ್ಲ ಇನ್ಸ್‌ಬ್ರುಕ್, ಪ್ಯಾರಿಸ್, ಫ್ಲಾರಿಡಗಳ ಮಾತು. ಕರ್ನಾಟಕದಲ್ಲಿ ಯಾರೂ ಈ ನೆಲದ ಮೇಲೆ ಹೊಸ ದಾರಿ ಹುಡುಕಲಿಲ್ಲವೇ?

ವೈದ್ಯರು: ಹುಡುಕಿದರು, ಮತ್ತು ಅದು ತಕ್ಕಷ್ಟು ನೆನಪಿನಲ್ಲಿ ಉಳಿಯದಿರುವುದು ವಿಷಾದದ ಸಂಗತಿ. ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಗೆ 1958ರಲ್ಲಿ ನರಶಸ್ತ್ರಚಿಕಿತ್ಸೆಯ ವಿಭಾಗ ಸೇರಿತು. ಅದನ್ನು ಕಟ್ಟಿದವರು ಡಾ. ಆರ್. ಮಾರ್ತಾಂಡ ವರ್ಮ. ಆ ಸಂಸ್ಥೆಯೂ ಹಳೆಯ ಮಾನಸಿಕ ಆಸ್ಪತ್ರೆಯೂ ಒಂದಾಗಿ 1974ರಲ್ಲಿ ನಿಮ್ಹಾನ್ಸ್ ಆದಾಗ ಅದರ ಮೊದಲ ನಿರ್ದೇಶಕರೂ ಅವರೇ. ಅವರ ಹೆಸರಿನಿಂದಲೇ ‘ವರ್ಮ ವಿಧಾನ’ ಎಂದು ಕರೆಯಲಾದ ಶಸ್ತ್ರಚಿಕಿತ್ಸೆ ಪಾರ್ಕಿನ್ಸನ್ ಕಾಯಿಲೆಗೆ ಸಂಬಂಧಿಸಿದ್ದು. ಕೈಕಾಲು ನಡುಗುವ, ಮೈ ಬಿಗಿದುಕೊಳ್ಳುವ ಆ ಕಾಯಿಲೆಗೆ ಲೆವೊಡೋಪ ಎಂಬ ಮದ್ದು 1960ರ ದಶಕದ ಕೊನೆಯವರೆಗೂ ಬಳಕೆಗೆ ಬಂದಿರಲಿಲ್ಲ. ಮಿದುಳಿನ ಆಳದಲ್ಲಿ ನಡುಕಕ್ಕೆ ಕಾರಣವಾದ ಒಂದು ಸಣ್ಣ ಬಿಂದುವನ್ನು ನಿಷ್ಕ್ರಿಯಗೊಳಿಸುವುದೇ ಆಗಿನ ಮುಖ್ಯ ಉಪಾಯ. ಪಾಶ್ಚಾತ್ಯ ದೇಶಗಳಲ್ಲಿ ತಲೆಗೆ ಲೋಹದ ಚೌಕಟ್ಟನ್ನು ಬಿಗಿದು, ಅಳತೆಗಳನ್ನು ಲೆಕ್ಕ ಹಾಕಿ, ನೆತ್ತಿಯ ಕಡೆಯಿಂದ ಮಿದುಳಿನ ಮೂಲಕ ಆ ಬಿಂದುವಿಗೆ ಸೂಜಿಯನ್ನು ಇಳಿಸುತ್ತಿದ್ದರು. ವರ್ಮರು ಕೆಳಗಿನಿಂದ ಹೋದರು.

ಅಧ್ಯಾಪಕರು: ಕೆಳಗಿನಿಂದ ಎಂದರೆ ಎಲ್ಲಿಂದ?

ವೈದ್ಯರು: ಕೆನ್ನೆಯಿಂದ. ತಳದ ನಡುವಿನ ಹಂತದಲ್ಲಿ ಮೊಟ್ಟೆಯಾಕಾರದ ಒಂದು ರಂಧ್ರವಿದೆ. ಅದಕ್ಕೆ ಫೊರಾಮೆನ್ ಒವೇಲ್ ಎಂದು ಹೆಸರು. ಕೆಳದವಡೆಯ ಸ್ಪರ್ಶವನ್ನೂ ಅಗಿಯುವ ಸ್ನಾಯುಗಳನ್ನೂ ನಡೆಸುವ ನರ ಅಲ್ಲಿಂದ ಹೊರಗೆ ಬರುತ್ತದೆ. ಬಾಯಿಯ ಮೂಲೆಯ ಪಕ್ಕದಲ್ಲಿ ಕೆನ್ನೆಗೆ ಸೂಜಿ ಚುಚ್ಚಿ ಈ ರಂಧ್ರವನ್ನು ತಲುಪುವ ಕ್ರಮವನ್ನು ಜರ್ಮನಿಯ ಫ್ರಿಟ್ಸ್ ಹಾರ್ಟೆಲ್ 1912ರ ಸುಮಾರಿಗೆ ವಿವರಿಸಿದ್ದರು. ಮುಖದಲ್ಲಿ ಮಿಂಚು ಹೊಡೆದಂತೆ ಬಂದುಹೋಗುವ ಟ್ರೈಜೆಮಿನಲ್ ನರಶೂಲೆಗೆ ಮದ್ದು ನೀಡಲು ಅದು ಬಳಕೆಯಲ್ಲಿತ್ತು. ಇನ್ನೊಬ್ಬರು ತಳದ ಹೊಸ್ತಿಲಲ್ಲೇ ನಿಲ್ಲಿಸಿದ ಸೂಜಿಯನ್ನು ವರ್ಮರು ಅದೇ ರಂಧ್ರದ ಮೂಲಕ ಇನ್ನೂ ಒಳಕ್ಕೆ, ಮಿದುಳಿನ ಆಳದ ಗುರಿಯವರೆಗೆ ಒಯ್ದರು. ತಲೆಬುರುಡೆಯನ್ನು ತೆರೆಯುವ ಅಗತ್ಯವೇ ಬೀಳಲಿಲ್ಲ. ನಿಸರ್ಗವೇ ಇಟ್ಟ ಬಾಗಿಲು ಇರುವಾಗ ಗೋಡೆಯನ್ನು ಒಡೆಯಬೇಕಾಗಿಲ್ಲ ಎಂಬ ಯೋಚನೆ ಅದು. ಉಪಕರಣಗಳು ವಿರಳವಾಗಿದ್ದ ದೇಶದಲ್ಲಿ, ಉಪಕರಣಕ್ಕಿಂತ ಶರೀರರಚನೆಯ ಜ್ಞಾನವನ್ನು ನೆಚ್ಚಿದ ಸಂಶೋಧನೆ ಎಂಬ ಕಾರಣಕ್ಕಾಗಿಯೇ ಅದು ಮಹತ್ವದ್ದು. ಲೆವೊಡೋಪ ಬಂದ ಮೇಲೆ ಇಂಥ ಶಸ್ತ್ರಚಿಕಿತ್ಸೆಗಳು ಹಿಂದೆ ಸರಿದವು. 1990ರ ದಶಕದಿಂದ ಮಿದುಳಿನ ಆಳಕ್ಕೆ ವಿದ್ಯುತ್ ತಂತಿ ಇಟ್ಟು ಪ್ರಚೋದಿಸುವ ಚಿಕಿತ್ಸೆ ಆ ಸ್ಥಾನವನ್ನು ಹಿಡಿದಿದೆ. ಆದರೆ ಮುಖದ ನರಶೂಲೆಗೆ ಇಂದಿಗೂ ಅದೇ ರಂಧ್ರದ ಮೂಲಕ ಸೂಜಿ ಹಾಯಿಸಿ ಶಾಖದಿಂದಲೋ, ಪುಟ್ಟ ಬಲೂನನ್ನು ಉಬ್ಬಿಸಿಯೋ ಪರಿಹಾರ ನೀಡುತ್ತಾರೆ.

ಅಧ್ಯಾಪಕರು: ಮುಖದ ನರಶೂಲೆಯ ಪ್ರಸ್ತಾಪ ಬಂದದ್ದು ಒಳ್ಳೆಯದಾಯಿತು. ಹಳ್ಳಿಗಳಲ್ಲಿ ಅದನ್ನು ಹಲ್ಲುನೋವು ಎಂದೇ ತಿಳಿದು ಒಂದಾದ ಮೇಲೊಂದು ಗಟ್ಟಿಹಲ್ಲನ್ನೇ ಕೀಳಿಸಿಕೊಂಡವರಿದ್ದಾರೆ. ತಣ್ಣೀರು ಕುಡಿದರೆ, ಮುಖ ತೊಳೆದರೆ, ಗಾಳಿ ಬೀಸಿದರೆ ಸಾಕು, ನೋವು ಹೊಡೆಯುತ್ತದೆ ಎನ್ನುತ್ತಾರೆ. ಹಲ್ಲು ಹೋದರೂ ನೋವು ಹೋಗುವುದಿಲ್ಲ. ಇಲ್ಲಿಯೇ ಒಂದು ಕಠಿಣವಾದ ಪ್ರಶ್ನೆಯನ್ನು ಕೇಳಬೇಕಾಗುತ್ತದೆ. ಜಗಳೂರಿನ ಒಣಭೂಮಿಯಲ್ಲಿ ಮೆಕ್ಕೆಜೋಳ ಬೆಳೆಯುವವನಿಗೆ, ಚನ್ನಗಿರಿಯ ಅಡಿಕೆ ತೋಟದಲ್ಲಿ ಕೊನೆ ಇಳಿಸುವವನಿಗೆ, ಹೊನ್ನಾಳಿಯ ತುಂಗಭದ್ರೆಯ ದಂಡೆಯಲ್ಲಿ ಭತ್ತ ನಾಟಿ ಮಾಡುವ ಹೆಣ್ಣುಮಗಳಿಗೆ ಈ ಮಿಲಿಮೀಟರುಗಳ ಲೆಕ್ಕದಿಂದ ಏನು ದೊರೆಯುತ್ತದೆ? ಸರ್ಕಾರದ ಹಣ ಮೊದಲು ಮರದಿಂದಲೋ ಬೈಕಿನಿಂದಲೋ ಬಿದ್ದವರ ತಲೆಪೆಟ್ಟಿನ ಚಿಕಿತ್ಸೆಗೆ ಹೋಗಬೇಕಲ್ಲವೇ?

ವೈದ್ಯರು: ತಲೆಪೆಟ್ಟಿನ ಚಿಕಿತ್ಸೆಗೆ ಮೊದಲ ಆದ್ಯತೆ ಸಲ್ಲಬೇಕೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ, ಮೇಷ್ಟ್ರೇ. ಆದರೆ ಎರಡನ್ನೂ ಬೇರೆಬೇರೆ ವಿಷಯಗಳೆಂದು ಎಣಿಸುವುದು ಸರಿಯಲ್ಲ. ಮರದಿಂದ ಬಿದ್ದಾಗಲೂ ಬೈಕಿನಿಂದ ಬಿದ್ದಾಗಲೂ ಅನೇಕ ಸಲ ಬಿರುಕು ಬಿಡುವುದು ಇದೇ ತಳವೇ. ಕಿವಿಯ ಮೇಲ್ಭಾಗದಲ್ಲಿ ಪೆಟ್ಟು ಬಿದ್ದರೆ ಹರಿಯುವ ಅಪಧಮನಿ ತಳದ ಒಂದು ಸಣ್ಣ ರಂಧ್ರದ ಮೂಲಕ ಒಳಗೆ ಬಂದದ್ದು. ಅದರಿಂದ ಸೋರಿದ ರಕ್ತ ಮಿದುಳಿನ ಪೊರೆಯ ಹೊರಗೆ ಶೇಖರವಾಗುತ್ತ, ಬಿದ್ದವನು ಎದ್ದು ಕುಳಿತು ಮಾತಾಡಿ ಮನೆಗೆ ಹೋದ ಮೇಲೆ ಕೆಲವು ಗಂಟೆಗಳಲ್ಲಿ ಪ್ರಜ್ಞೆ ತಪ್ಪಿಸುತ್ತದೆ. ತಳದ ಮುಂಭಾಗ ಬಿರಿದಾಗ ಮಿದುಳಿನ ಸುತ್ತ ಇರುವ ತಿಳಿದ್ರವ ಮೂಗಿನಿಂದ ತೊಟ್ಟಿಕ್ಕುತ್ತದೆ. ವಯಸ್ಕರಲ್ಲಿ ಈ ದ್ರವ ಸುಮಾರು 150 ಮಿಲಿಲೀಟರ್ ಇರುತ್ತದೆ; ದೇಹ ದಿನಕ್ಕೆ ಅರ್ಧ ಲೀಟರಿನಷ್ಟು ಹೊಸದಾಗಿ ತಯಾರಿಸುವುದರಿಂದ ಸೋರಿಕೆ ನಿಲ್ಲದೆ ಮುಂದುವರಿಯಬಲ್ಲದು. ಮುಂದಕ್ಕೆ ಬಾಗಿದಾಗ ಒಂದೇ ಹೊಳ್ಳೆಯಿಂದ ನೀರಿನಂತೆ ತೊಟ್ಟಿಕ್ಕುವುದು, ಗಂಟಲಿಗೆ ಉಪ್ಪಿನ ರುಚಿ ಬರುವುದು ಅದರ ಗುರುತು. ನೆಗಡಿ ಎಂದು ತಿಂಗಳುಗಟ್ಟಲೆ ಮಾತ್ರೆ ನುಂಗಿದವರಿಗೆ ಅದೇ ಬಿರುಕಿನ ಮೂಲಕ ಸೋಂಕು ಮೇಲೇರಿ ಮೆನಿಂಜೈಟಿಸ್, ಅಂದರೆ ಮಿದುಳಿನ ಪೊರೆಯ ಉರಿಯೂತ ಬರುತ್ತದೆ.

ಅಧ್ಯಾಪಕರು: ಆ ಬಿರುಕನ್ನು ಮುಚ್ಚುವ ವಿಧಾನವೂ ಗೆಡ್ಡೆಯ ಸಂಶೋಧನೆಯಿಂದಲೇ ಬಂದದ್ದೇ?

ವೈದ್ಯರು: ಬಹುಮಟ್ಟಿಗೆ ಹೌದು. 1990ರ ದಶಕದಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ನರಶಸ್ತ್ರವೈದ್ಯರೂ ಮೂಗಿನ ವೈದ್ಯರೂ ಜೊತೆಗೂಡಿ ಎಂಡೋಸ್ಕೋಪ್ ಎಂಬ, ತುದಿಯಲ್ಲಿ ಬೆಳಕೂ ಮಸೂರವೂ ಇರುವ ತೆಳ್ಳಗಿನ ಕೊಳವೆಯನ್ನು ಹೊಳ್ಳೆಯಿಂದ ಒಳಗೆ ಹಾಯಿಸಿ ತಳದ ಗೆಡ್ಡೆಗಳನ್ನು ತೆಗೆಯತೊಡಗಿದರು. ಗೆಡ್ಡೆಯೇನೋ ಬಂದಿತು, ಆದರೆ ತೆಗೆದ ಜಾಗದಿಂದ ತಿಳಿದ್ರವ ಸೋರುವುದು ನಿಲ್ಲಲಿಲ್ಲ. ಆ ಒಂದು ತೊಡಕಿನಿಂದ ಇಡೀ ವಿಧಾನವೇ ಕೈಬಿಟ್ಟು ಹೋಗುವ ಸ್ಥಿತಿ ಇತ್ತು. ಅರ್ಜೆಂಟೀನದ ರೊಸಾರಿಯೊ ನಗರದ ಹಡಾದ್ ಮತ್ತು ಬಸ್ಸಗಾಸ್ತೆಗಿ ಎಂಬ ಇಬ್ಬರು ವೈದ್ಯರ ಉಪಾಯ 2006ರಲ್ಲಿ ಪ್ರಕಟವಾದ ಮೇಲೆ ಸ್ಥಿತಿ ಬದಲಾಯಿತು. ಮೂಗಿನ ನಡುಗೋಡೆಯ ಒಳಪೊರೆಯನ್ನು, ಅದಕ್ಕೆ ರಕ್ತ ತರುವ ಅಪಧಮನಿಯನ್ನು ಕತ್ತರಿಸದೆ, ಒಂದು ಪಟ್ಟಿಯಾಗಿ ಬಿಡಿಸಿ ತೂತಿನ ಮೇಲೆ ಹೊರಳಿಸಿ ಹೊದಿಸುವುದು ಆ ಉಪಾಯ. ಜೀವಂತ ರಕ್ತಸಂಚಾರ ಇರುವುದರಿಂದ ಪಟ್ಟಿ ಅಲ್ಲೇ ಬೇರೂರುತ್ತದೆ, ಸೋರಿಕೆ ನಿಲ್ಲುತ್ತದೆ. ಇದಕ್ಕೆ ಯಾವ ದುಬಾರಿ ಯಂತ್ರವೂ ಬೇಕಾಗಲಿಲ್ಲ. ಗೆಡ್ಡೆಗಾಗಿ ಹುಟ್ಟಿದ ಈ ಎಂಡೋಸ್ಕೋಪಿನ ವಿದ್ಯೆಯಿಂದಲೇ ಇಂದು ಬೈಕಿನಿಂದ ಬಿದ್ದು ತಳ ಬಿರಿದ ಎಷ್ಟೋ ಯುವಕರ ಸೋರಿಕೆಯನ್ನು ತಲೆ ತೆರೆಯದೆ ಮುಚ್ಚಲಾಗುತ್ತದೆ. 2021ರಲ್ಲಿ ಕೋವಿಡ್ ಎರಡನೆಯ ಅಲೆಯ ಬೆನ್ನಿಗೆ ಕಪ್ಪು ಶಿಲೀಂಧ್ರ ರಾಜ್ಯದೆಲ್ಲೆಡೆ ಹಬ್ಬಿದಾಗ, ಮೂಗಿನಿಂದ ಕಣ್ಣಿಗೂ ಕಣ್ಣಿನಿಂದ ಮಿದುಳಿಗೂ ಏರುತ್ತಿದ್ದ ಆ ಸೋಂಕನ್ನು ಕೆರೆದು ತೆಗೆಯಲು ನೆರವಾದದ್ದೂ ಇದೇ ದಾರಿ. ಮಧುಮೇಹ ಇದ್ದವರನ್ನೂ ಸ್ಟೀರಾಯ್ಡ್ ಪಡೆದವರನ್ನೂ ಅದು ಹೆಚ್ಚಾಗಿ ಕಾಡಿತು. ಆಂಫೊಟೆರಿಸಿನ್ ಎಂಬ ಮದ್ದು ಸಿಗದೆ ಜನ ಊರೂರು ಅಲೆದದ್ದನ್ನು ಯಾರೂ ಮರೆತಿಲ್ಲ.

ಅಧ್ಯಾಪಕರು: ಒಂದು ಸಂಶಯ ಉಳಿಯುತ್ತದೆ. ದಾರಿಗಳು ಇಷ್ಟು ಸುಧಾರಿಸಿದ ಮೇಲೆ ಯಾವುದೇ ಗೆಡ್ಡೆಯನ್ನು ಬೇರುಸಹಿತ ಕಿತ್ತುಹಾಕಬಹುದು ಎಂದಾಗಬೇಕಲ್ಲವೇ? ಆದರೂ ಕೆಲವು ರೋಗಿಗಳಿಗೆ ಸ್ವಲ್ಪ ಬಿಟ್ಟಿದ್ದೇವೆ ಎಂದು ವೈದ್ಯರು ಹೇಳುತ್ತಾರೆ, ಮನೆಯವರಿಗೆ ಅದು ಅರೆಬರೆ ಕೆಲಸ ಎನಿಸುತ್ತದೆ.

ವೈದ್ಯರು: ಈ ಶಾಖೆಯ ಅತ್ಯಂತ ದೊಡ್ಡ ಜಿಜ್ಞಾಸೆ ಇದು. ಮಿದುಳಿನ ಪೊರೆಯಿಂದ ಹುಟ್ಟುವ ಮೆನಿಂಜಿಯೋಮ ಎಂಬ ಗೆಡ್ಡೆಯ ಕುರಿತು 1957ರಲ್ಲಿ ಡೊನಾಲ್ಡ್ ಸಿಂಪ್ಸನ್ ಒಂದು ಅಧ್ಯಯನ ಪ್ರಕಟಿಸಿದರು. ಗೆಡ್ಡೆಯನ್ನೂ ಅದು ಅಂಟಿದ ಪೊರೆ ಮೂಳೆಗಳನ್ನೂ ಪೂರ್ತಿ ತೆಗೆದವರಲ್ಲಿ ಶೇಕಡ 9ರಷ್ಟು ಜನರಿಗೆ ಮರುಕಳಿಸಿದರೆ, ಪೊರೆಯನ್ನು ಸುಟ್ಟು ಬಿಟ್ಟವರಲ್ಲಿ ಅದು ಶೇಕಡ 19ಕ್ಕೆ ಏರಿತು ಎಂಬುದು ಅದರ ಫಲಿತಾಂಶ. ಅದನ್ನು ಓದಿದ ಒಂದು ಇಡೀ ತಲೆಮಾರಿನ ವೈದ್ಯರು ಪೂರ್ತಿ ತೆಗೆಯುವುದನ್ನೇ ಗುರಿಯಾಗಿ ಇಟ್ಟುಕೊಂಡು, ಕಣ್ಣಿನ ಹಿಂದೆ ನರಗಳೂ ಅಪಧಮನಿಯೂ ಹೆಣೆದುಕೊಂಡಿರುವ ಜಾಗಕ್ಕೂ ಕೈಹಾಕಿದರು. ಗೆಡ್ಡೆ ಹೋಯಿತು, ಜೊತೆಗೆ ಕಣ್ಣಿನ ಚಲನೆಯೂ ಹೋಯಿತು. ಸ್ಟಾಕ್‌ಹೋಮಿನ ಲಾರ್ಸ್ ಲೆಕ್ಸೆಲ್ 1968ರಲ್ಲಿ ಸಿದ್ಧಪಡಿಸಿದ ಗಾಮಾ ನೈಫ್ ಎಂಬ ಸಾಧನ ಕ್ರಮೇಣ ಈ ನಿಲುವನ್ನು ಬದಲಾಯಿಸಿತು. ಹೆಸರಿನಲ್ಲಿ ಕತ್ತಿ ಇದ್ದರೂ ಅದು ಕೊಯ್ಯುವುದಿಲ್ಲ. ಅನೇಕ ದಿಕ್ಕುಗಳಿಂದ ಬರುವ ಸಣ್ಣ ವಿಕಿರಣ ಕಿರಣಗಳನ್ನು ಒಂದೇ ಬಿಂದುವಿನಲ್ಲಿ ಕೂಡಿಸಿ, ಉಳಿದ ಗೆಡ್ಡೆ ಬೆಳೆಯದಂತೆ ತಡೆಯುತ್ತದೆ. ನಿಮ್ಹಾನ್ಸ್‌ನಲ್ಲೂ ಅದು ಇದೆ. ನರಕ್ಕೆ ಅಂಟಿದ ಒಂದು ಚೂರನ್ನು ಬಿಟ್ಟು ಅದನ್ನು ಕಿರಣಗಳಿಂದ ತಡೆಯುವುದೇ ಅನೇಕ ರೋಗಿಗಳಿಗೆ ಒಳ್ಳೆಯದು ಎಂಬ ತೀರ್ಮಾನಕ್ಕೆ ಈ ಶಾಖೆ ಬಂದಿದೆ.

ಅಧ್ಯಾಪಕರು: ಒಂದು ನರ ಉಳಿದರೂ ಹೋದರೂ ಜೀವಕ್ಕೆ ಅಪಾಯವಿಲ್ಲ ಎಂದಾಗ ಅಷ್ಟು ಯೋಚಿಸಬೇಕೇ ಎಂದು ಕೇಳುವವರೂ ಇದ್ದಾರೆ.

ವೈದ್ಯರು: ಮುಖದ ಸ್ನಾಯುಗಳ ನರವನ್ನೇ ತೆಗೆದುಕೊಂಡು ನೋಡಬಹುದು. ಶ್ರವಣದ ನರದ ಗೆಡ್ಡೆ ಬೆಳೆದಂತೆ ಈ ನರ ಅದರ ಮೇಲೆ ಕಾಗದದಷ್ಟು ತೆಳ್ಳಗೆ ಹರಡಿಕೊಳ್ಳುತ್ತದೆ. ಅದು ತುಂಡಾದರೆ ಮುಖ ಒಂದು ಕಡೆಗೆ ಸೊಟ್ಟಗಾಗುವುದು ಎಲ್ಲರಿಗೂ ಕಾಣುತ್ತದೆ. ಅದಕ್ಕಿಂತ ಗಂಭೀರವಾದದ್ದು ಆ ಕಡೆಯ ರೆಪ್ಪೆ ಮುಚ್ಚದಿರುವುದು. ನಗರದಲ್ಲಿ ಕಚೇರಿಯಲ್ಲಿ ಕುಳಿತು ದುಡಿಯುವವನು ಹನಿಮದ್ದು ಹಾಕಿಕೊಂಡು ಹೇಗೋ ನಿಭಾಯಿಸಬಲ್ಲ. ಜಗಳೂರಿನಲ್ಲಿ ಮೆಕ್ಕೆಜೋಳದ ಒಕ್ಕಣೆ ಯಂತ್ರದ ಮುಂದೆ ನಿಂತು ದುಡಿಯುವ ಹೆಂಗಸಿಗೆ ತೆರೆದೇ ಇರುವ ಕಣ್ಣಿನ ಮೇಲೆ ಸಿಪ್ಪೆಯ ಧೂಳು ಬೀಳುತ್ತದೆ, ಪಾರದರ್ಶಕ ಪಟಲದಲ್ಲಿ ಹುಣ್ಣಾಗುತ್ತದೆ, ಕೊನೆಗೆ ಆ ಕಣ್ಣೇ ಹೋಗುತ್ತದೆ. ಆದ್ದರಿಂದ ಎಷ್ಟು ಗೆಡ್ಡೆ ಹೊರಬಂದಿತು ಎಂಬುದನ್ನು ಮಾತ್ರ ಅಳೆದು ರೋಗಿ ಮರಳಿ ಹೊಲಕ್ಕೆ ಹೋಗಬಲ್ಲನೇ ಎಂಬುದನ್ನು ಅಳೆಯದ ಸಂಶೋಧನೆ ಅಪೂರ್ಣ. ಶಸ್ತ್ರಚಿಕಿತ್ಸೆಯ ನಡುವೆ ಈ ನರವನ್ನು ಸಣ್ಣ ವಿದ್ಯುತ್ತಿನಿಂದ ಪ್ರಚೋದಿಸಿ, ಮುಖದ ಸ್ನಾಯುಗಳು ಮಿಡಿಯುವುದನ್ನು ಯಂತ್ರದಲ್ಲಿ ಕೇಳುತ್ತ ನರ ಎಲ್ಲಿದೆ ಎಂದು ಪತ್ತೆಹಚ್ಚುವ ಕ್ರಮ ಇಂದು ರೂಢಿಯಾಗಿರುವುದು ಈ ಅರಿವಿನಿಂದಲೇ.

ಅಧ್ಯಾಪಕರು: ಈ ಎಲ್ಲ ಸಾಧನೆಗೆ ತಡವಾಗಿ ಬರುವ ರೋಗಿಯೇ ಅಡ್ಡಿ ಎಂದು ವೈದ್ಯರು ದೂರುವುದುಂಟು. ಆದರೆ ತಡವಾಗುವುದಕ್ಕೆ ಜನರ ಉದಾಸೀನ ಒಂದೇ ಕಾರಣವಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ ಸೇರಿತ್ತು. ನ್ಯಾಮತಿ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದದ್ದು ತೀರ ಈಚೆಗೆ. ಇಂದಿಗೂ ನ್ಯಾಮತಿಯವರು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಕಡೆಗೂ, ಜಗಳೂರಿನವರು ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಕಡೆಗೂ ಮುಖ ಮಾಡುತ್ತಾರೆ. ಅಲ್ಲಿಂದ ಬೆಂಗಳೂರಿಗೆ ಹೋಗಬೇಕಾದರೆ ಕೂಲಿ ಬಿಟ್ಟು, ಜೊತೆಗೆ ಒಬ್ಬರನ್ನು ಕರೆದುಕೊಂಡು, ಛತ್ರದಲ್ಲೋ ಆಸ್ಪತ್ರೆಯ ಅಂಗಳದಲ್ಲೋ ಉಳಿಯಬೇಕು. ಕಿವಿ ಸ್ವಲ್ಪ ಮಂದವಾಯಿತೆಂದು ಯಾರು ಅಷ್ಟು ದೂರ ಹೋಗುತ್ತಾರೆ?

ವೈದ್ಯರು: ಆ ಮಾತಿನಲ್ಲಿ ಸತ್ಯವಿದೆ, ಮತ್ತು ಸಂಶೋಧನೆಯ ಬೆಲೆ ನಿರ್ಧಾರವಾಗಬೇಕಾದದ್ದೂ ಅಲ್ಲಿಯೇ. ಶಸ್ತ್ರವೈದ್ಯನ ಸೂಜಿ ಸಾಗುವ ದಾರಿಯನ್ನು ಮಿಲಿಮೀಟರುಗಳಲ್ಲಿ ಸುಗಮಗೊಳಿಸಿದ ವಿದ್ಯೆ, ರೋಗಿ ನಡೆಯಬೇಕಾದ ದಾರಿಯನ್ನೂ ಸುಗಮಗೊಳಿಸದಿದ್ದರೆ ಅದು ಅರ್ಧ ಕೆಲಸ. 2022ರಲ್ಲಿ ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಕೂಡಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ನರರೋಗಗಳನ್ನು ಗುರುತಿಸುವ ತರಬೇತಿ ನೀಡುವ ಉದ್ದೇಶದ್ದು. ತಳದ ಗೆಡ್ಡೆಗಳನ್ನು ಬೇಗ ಅನುಮಾನಿಸುವುದಕ್ಕೆ ಯಂತ್ರಕ್ಕಿಂತ ಮೊದಲು ಬೇಕಾದದ್ದು ಕೇಳುವ ಕಿವಿ. ಮೊಬೈಲನ್ನು ಮೊದಲಿನಿಂದ ಹಿಡಿಯುತ್ತಿದ್ದ ಕಿವಿಗೆ ಮಾತು ತಿಳಿಯದೆ ಇನ್ನೊಂದು ಕಿವಿಗೆ ಬದಲಾಯಿಸಿಕೊಂಡವನಿಗೆ ಶ್ರವಣದ ನರದ ಗೆಡ್ಡೆ ಇರಬಹುದು. ಎದುರಿನದು ಸ್ಪಷ್ಟವಾಗಿ ಕಂಡರೂ ಎರಡೂ ಪಕ್ಕದಿಂದ ಬರುವ ವಾಹನ ಕಾಣದೆ ಪದೇ ಪದೇ ಡಿಕ್ಕಿ ಹೊಡೆಯುವವನಿಗೆ, ಕಾರಣವಿಲ್ಲದೆ ಮುಟ್ಟು ನಿಂತು ಎದೆಹಾಲು ಬರುವ ಹೆಣ್ಣಿಗೆ, ಉಂಗುರ ಬಿಗಿಯಾಗಿ ಚಪ್ಪಲಿಯ ಅಳತೆ ನಡುವಯಸ್ಸಿನಲ್ಲಿ ಹೆಚ್ಚುತ್ತ ಹೋಗುವವನಿಗೆ ಪಿಟ್ಯುಟರಿ ಗೆಡ್ಡೆ ಇರಬಹುದು. ಕನ್ನಡಕ ಬದಲಾಯಿಸಿ ಬದಲಾಯಿಸಿ ಎರಡು ವರ್ಷ ಕಳೆದು, ನೋಟದ ನರ ಬಿಳಿಚಿಕೊಂಡ ಮೇಲೆ ಬರುವವರಿಗೆ ಗೆಡ್ಡೆ ತೆಗೆದರೂ ನೋಟ ಮರಳುವುದಿಲ್ಲ.

ಅಧ್ಯಾಪಕರು: ಖರ್ಚಿನ ವಿಚಾರ?

ವೈದ್ಯರು: 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ನರಶಸ್ತ್ರಚಿಕಿತ್ಸೆಯೂ ಅದರ ವ್ಯಾಪ್ತಿಯಲ್ಲಿದೆ. ಸಾಮಾನ್ಯ ಸಂದರ್ಭದಲ್ಲಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು, ತುರ್ತು ಸಂದರ್ಭದಲ್ಲಿ ಬೇಡ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ. ತುಂಬ ಸಲ ಹಣವಿಲ್ಲದ್ದಕ್ಕಿಂತ ಈ ಪತ್ರವನ್ನು ಎಲ್ಲಿ, ಯಾವಾಗ ಪಡೆಯಬೇಕು ಎಂದು ತಿಳಿಯದ್ದರಿಂದಲೇ ಜನ ಸಾಲಕ್ಕೆ ಬೀಳುತ್ತಾರೆ.

ಅಧ್ಯಾಪಕರು: ತಲೆಪೆಟ್ಟಿನ ಮಟ್ಟಿಗೆ ಈ ಸೀಮೆಯಲ್ಲಿ ಒಂದು ಒಳ್ಳೆಯ ಬದಲಾವಣೆ ಕಾಣುತ್ತಿದೆ. ಅಡಿಕೆ ಮರ ಏರುವ ಬದಲು ನೆಲದ ಮೇಲೆ ನಿಂತೇ ಕೊನೆ ಕೊಯ್ಯುವ, ಮದ್ದು ಹೊಡೆಯುವ ಫೈಬರ್ ದೋಟಿ ತೋಟಗಳಿಗೆ ಬಂದಿದೆ. ಆದರೆ ಕೇಣಿ ಹಿಡಿದವರು ಅವಸರದಲ್ಲಿ ಈಗಲೂ ಮರ ಹತ್ತಿಸುತ್ತಾರೆ. 2016ರ ಜನವರಿಯಿಂದ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾಗಿದ್ದರೂ ಸಂತೆಯ ದಿನ ರಸ್ತೆಯಲ್ಲಿ ನೋಡಿದರೆ ಅದು ಪೆಟ್ರೋಲ್ ಟ್ಯಾಂಕಿನ ಮೇಲೆ ಇರುತ್ತದೆ.

ವೈದ್ಯರು: ತಳದ ಬಿರುಕನ್ನು ಮುಚ್ಚುವ ಯಾವ ಪಟ್ಟಿಗಿಂತಲೂ ಆ ದೋಟಿ ಮತ್ತು ಗದ್ದಕ್ಕೆ ಪಟ್ಟಿ ಬಿಗಿದ ಹೆಲ್ಮೆಟ್ ಹೆಚ್ಚು ಜನರನ್ನು ಉಳಿಸುತ್ತವೆ ಎಂದು ಹೇಳಲು ನರಶಸ್ತ್ರವೈದ್ಯನಿಗೆ ಸಂಕೋಚವಿರಬಾರದು. ನಿಮ್ಹಾನ್ಸ್‌ನಲ್ಲಿ 1995ರಲ್ಲಿ ಡಾ. ಎಸ್. ಕೆ. ಶಂಕರ್ ಕಟ್ಟಿದ ಮಿದುಳು ಭಂಡಾರವಿದೆ. ಕುಟುಂಬದವರ ಒಪ್ಪಿಗೆಯಿಂದ ದಾನವಾಗಿ ಬಂದ ಮಿದುಳುಗಳನ್ನು ಸಂಶೋಧನೆಗಾಗಿ ಅಲ್ಲಿ ಕಾಪಾಡಲಾಗಿದೆ, ಅದಕ್ಕೆ ಸೇರಿದ ಸಂಗ್ರಹಾಲಯವನ್ನು ಸಾರ್ವಜನಿಕರೂ ನೋಡಬಹುದು. ಬೆಂಗಳೂರಿಗೆ ಶೈಕ್ಷಣಿಕ ಪ್ರವಾಸ ಹೊರಡುವ ಪ್ರೌಢಶಾಲೆಗಳು ಅದನ್ನೂ ಪಟ್ಟಿಯಲ್ಲಿ ಸೇರಿಸಿದರೆ, ಪಾಠದಲ್ಲಿ ಓದಿದ ಮಿದುಳಿನ ಬೆಲೆ ಮಕ್ಕಳಿಗೆ ಕಣ್ಣಾರೆ ತಿಳಿಯುತ್ತದೆ.

ಅಧ್ಯಾಪಕರು: ಹಾಗಾದರೆ ಈ ನಾಲ್ಕು ತಾಲ್ಲೂಕುಗಳ ಓದುಗರಿಗೆ ಹೇಳಬೇಕಾದ ಮಾತು ಯಾವುದು?

ವೈದ್ಯರು: ತಲೆಗೆ ಪೆಟ್ಟು ಬಿದ್ದವನು ಎದ್ದು ಮಾತಾಡುತ್ತಿದ್ದರೂ, ವಾಂತಿ, ಹೆಚ್ಚುತ್ತಿರುವ ತಲೆನೋವು ಅಥವಾ ಮಂಪರು ಕಂಡರೆ 108ಕ್ಕೆ ಕರೆ ಮಾಡಿ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು, ಮೂಗಿನಿಂದಲೋ ಕಿವಿಯಿಂದಲೋ ತಿಳಿನೀರು ಬರುತ್ತಿದ್ದರೆ ಹತ್ತಿ ತುರುಕಬಾರದು, ಮೂಗನ್ನು ಸೀಟಬಾರದು. ಒಂದೇ ಕಿವಿ ಮಂದವಾದರೆ, ಪಕ್ಕದ ನೋಟ ಕುಗ್ಗಿದರೆ, ಹಲ್ಲು ಕಿತ್ತ ಮೇಲೂ ಮುಖದ ನೋವು ಹೋಗದಿದ್ದರೆ, ತಾಲ್ಲೂಕು ಆಸ್ಪತ್ರೆಯ ವೈದ್ಯರ ಬಳಿ ಅದನ್ನು ಸ್ಪಷ್ಟವಾಗಿ ಹೇಳಿ, ಜಿಲ್ಲಾ ಆಸ್ಪತ್ರೆಗೆ ಶಿಫಾರಸು ಪತ್ರ ಕೇಳಿ ಪಡೆಯಬೇಕು. ಹೋಗುವಾಗ ರೇಷನ್ ಕಾರ್ಡು, ಆಧಾರ್ ಮತ್ತು ಹಳೆಯ ಸ್ಕ್ಯಾನಿನ ಫಿಲ್ಮುಗಳನ್ನು ತಪ್ಪದೆ ಜೊತೆಗೆ ಒಯ್ಯಬೇಕು.